ಮನೆಯಲ್ಲಿ ಕೋವಿ ಇಡಲು ತಿಜೋರಿ: ಗಟ್ಟಿತನವನ್ನೂ ಬೀಗವನ್ನೂ ಪರೀಕ್ಷಿಸುವುದು ಹೇಗೆ?

ಪ್ರಶ್ನೆ: ತುಂಗಾತೀರದ ತೋಟ

ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಮ್ಮದು ಅಡಿಕೆ ತೋಟ. ಬೆಳೆ ರಕ್ಷಣೆಯ ಪರವಾನಗಿಯ ಮೇಲೆ ತಂದೆಯವರ ಬಳಿ ಇದ್ದ ಹನ್ನೆರಡು ಬೋರಿನ ಜೋಡುನಳಿಗೆ ಕೋವಿ ಈಗ ನನ್ನ ಹೆಸರಿಗೆ ಬಂದಿದೆ. ಇದುವರೆಗೆ ಅದು ನಡುಮನೆಯ ಬೀರುವಿನಲ್ಲಿ ಇರುತ್ತಿತ್ತು. ಆದರೆ ಮನೆಯಲ್ಲಿ ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದಾರೆ, ಕೊಯ್ಲಿನ ಕಾಲದಲ್ಲಿ ಹೊರಗಿನವರ ಓಡಾಟವೂ ಹೆಚ್ಚು. ಶಿವಮೊಗ್ಗದ ಅಂಗಡಿಯೊಂದರಲ್ಲಿ ಬೆರಳಚ್ಚು ಮತ್ತು ನಂಬರ್ ಪ್ಯಾಡ್ ಎರಡೂ ಇರುವ ಎತ್ತರದ ಲಾಕರ್ ತೋರಿಸಿ, ಬಾಗಿಲಿಗೆ ಹತ್ತು ಅಗುಳಿಗಳಿರುವುದರಿಂದ ಯಾರೂ ಮುರಿಯಲಾರರು ಎಂದರು. ಹೊರಗಿನಿಂದ ನೋಡಿದರೆ ಎಲ್ಲವೂ ಗಟ್ಟಿಯಾಗಿಯೇ ಕಾಣುತ್ತವೆ. ಕೊಳ್ಳುವ ಮೊದಲು ಏನೇನನ್ನು ನೋಡಬೇಕು? ನಮ್ಮದು ಜಂಬಿಟ್ಟಿಗೆ ಗೋಡೆಯ ಹಳೆಯ ಮನೆ ಎಂಬುದನ್ನೂ ಗಮನದಲ್ಲಿಟ್ಟು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಉತ್ತರ: ಸಾಗರದ ಬೀಗದ ಕೆಲಸದವನು

ಅಗುಳಿಗಳ ಲೆಕ್ಕವನ್ನು ಮೊದಲು ಬದಿಗಿಡಿ. ಹತ್ತಿರಲಿ, ಇಪ್ಪತ್ತಿರಲಿ, ಆ ಅಗುಳಿಗಳು ಹೋಗಿ ಕೂರುವ ಚೌಕಟ್ಟಿನ ತಗಡು ತೆಳುವಾಗಿದ್ದರೆ, ಬಾಗಿಲಿನ ಸಂದಿಗೆ ಹಾರೆಯ ತುದಿ ಸಿಕ್ಕಿದ ಕೂಡಲೇ ತಗಡು ಬಾಗಿ ಅಗುಳಿ ತಾನಾಗಿ ಹೊರಬರುತ್ತದೆ. ಆದ್ದರಿಂದ ಬಾಗಿಲು ಹಾಕಿದಾಗ ಸುತ್ತಲಿನ ಸಂದಿ ಎಷ್ಟು ಕಿರಿದಾಗಿದೆ, ಚೌಕಟ್ಟು ಒಳಮಡಿಕೆಯಾಗಿದೆಯೇ, ಬಿಜಾಗರಿಯ ಬದಿಯಲ್ಲೂ ಬಾಗಿಲನ್ನು ಹಿಡಿಯುವ ಕಂಬಿ ಇದೆಯೇ ಎಂಬುದನ್ನು ನೋಡಿ. ಆ ಕಂಬಿಯಿದ್ದರೆ ಬಿಜಾಗರಿ ಹೊರಗೆ ಕಾಣುತ್ತಿದೆಯೆಂದು ಹೆದರಬೇಕಾಗಿಲ್ಲ.

ತಗಡಿನ ದಪ್ಪವನ್ನು ಗೇಜಿನಲ್ಲಿ ಹೇಳುತ್ತಾರೆ. ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳು. 20 ಗೇಜು ಒಂದು ಮಿಲಿಮೀಟರಿಗೂ ಕಡಿಮೆ, 10 ಗೇಜು ಮೂರು ಮಿಲಿಮೀಟರಿಗಿಂತ ಹೆಚ್ಚು. ಬಾಗಿಲಿನ ಅಂಚನ್ನು ಮಡಿಸಿ ದಪ್ಪವಾಗಿ ತೋರಿಸುವುದು ಸುಲಭವಾದ್ದರಿಂದ ಕಣ್ಣನ್ನು ನಂಬದೆ ತೂಕವನ್ನು ಕೇಳಿ. ಒಂದು ಚದರ ಮೀಟರ್ ಉಕ್ಕಿನ ತಗಡು ಒಂದು ಮಿಲಿಮೀಟರ್ ದಪ್ಪಕ್ಕೆ ಸುಮಾರು 7.85 ಕಿಲೋ ತೂಗುತ್ತದೆ. ಒಂದೂವರೆ ಮೀಟರ್ ಎತ್ತರ, ಅರ್ಧ ಮೀಟರ್ ಅಗಲ, 40 ಸೆಂಟಿಮೀಟರ್ ಆಳದ ಪೆಟ್ಟಿಗೆಗೆ ಮೂರು ಚದರ ಮೀಟರಿಗಿಂತ ಸ್ವಲ್ಪ ಹೆಚ್ಚು ತಗಡು ಬೇಕು. ಅದು ಮೂರು ಮಿಲಿಮೀಟರ್ ದಪ್ಪವಿದ್ದರೆ ಬರೀ ತಗಡೇ 70 ಕಿಲೋ ದಾಟಬೇಕು. ಅಂಗಡಿಯವರು 30 ಕಿಲೋ ಎಂದರೆ ನಿಮಗೆ ತೋರಿಸುತ್ತಿರುವುದು ಬೀರುವೇ ಹೊರತು ತಿಜೋರಿಯಲ್ಲ. ಬೆಂಕಿತಡೆಯ ಹಲಗೆಯಿದ್ದರೆ ಅದರ ತೂಕವನ್ನು ಕಳೆದು ಲೆಕ್ಕ ಹಾಕಿ.

ನಮ್ಮ ದೇಶದಲ್ಲಿ ತಿಜೋರಿಗಳಿಗೆ ಐಎಸ್ 550 ಎಂಬ ಮಾನದಂಡವಿದೆ. ಆಮದಾದವುಗಳ ಮೇಲೆ ಅಮೆರಿಕದ ಯುಎಲ್ ಎಂಬ ಪರೀಕ್ಷಾ ಸಂಸ್ಥೆಯ ಆರ್‌ಎಸ್‌ಸಿ (ಮನೆಬಳಕೆಯ ಭದ್ರತಾ ಪೆಟ್ಟಿಗೆ) ಗುರುತು ಕಾಣಬಹುದು. ಅದರ ಮೊದಲ ಹಂತದ ಅರ್ಥವಿಷ್ಟೇ: ಸುತ್ತಿಗೆ, ಹಾರೆ, ಸ್ಕ್ರೂಡ್ರೈವರ್‌ನಂಥ ಕೈ ಉಪಕರಣ ಹಿಡಿದ ಒಬ್ಬ ವ್ಯಕ್ತಿಯನ್ನು ಐದು ನಿಮಿಷ ತಡೆದಿದೆ. ಐದು ನಿಮಿಷ ಕಡಿಮೆಯೆನಿಸಬಹುದು, ಆದರೆ ಯಾವ ಗುರುತೂ ಇಲ್ಲದ ಪೆಟ್ಟಿಗೆಯ ಬಗ್ಗೆ ಅಷ್ಟನ್ನೂ ಹೇಳಲು ಬರುವುದಿಲ್ಲ.

ಇನ್ನು ಬೀಗ. ತೆರೆಯಲು ಎಷ್ಟು ದಾರಿಗಳಿವೆಯೋ ಅವುಗಳಲ್ಲಿ ಅತ್ಯಂತ ದುರ್ಬಲವಾದ ದಾರಿಯೇ ಆ ಬೀಗದ ಬಲ. ಅಗ್ಗದ ಲಾಕರುಗಳಲ್ಲಿ ನಂಬರ್ ಪ್ಯಾಡಿನ ಹಿಂದೆ ತುರ್ತು ಕೀಲಿಕೈಯ ತೂತು ಅಡಗಿರುತ್ತದೆ. ಆ ಕೀಲಿ ಸಾಧಾರಣವಾದರೆ ಮುಂದಿನ ಎಲೆಕ್ಟ್ರಾನಿಕ್ಸ್ ಇದ್ದೂ ಇಲ್ಲದಂತೆ. ಬೆರಳಚ್ಚಿನ ಬೀಗವನ್ನಂತೂ ಮಕ್ಕಳಿರುವ ಮನೆಗೆ ನಾನು ಸೂಚಿಸುವುದಿಲ್ಲ. 2023ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಸುಮಾರು 61,000 ಬೆರಳಚ್ಚು ತಿಜೋರಿಗಳನ್ನು ಹಿಂಪಡೆಯಲಾಯಿತು. ಬೆರಳಚ್ಚು ದಾಖಲಾಗುವ ತನಕ ಅವು ಯಾರ ಬೆರಳಿಗಾದರೂ ತೆರೆಯುತ್ತಿದ್ದವು. ದಾಖಲಿಸಿದ್ದೇವೆಂದು ಮಾಲೀಕರು ನಂಬಿದ್ದರು. ಹನ್ನೆರಡು ವರ್ಷದ ಬಾಲಕನೊಬ್ಬನ ಸಾವೂ ಆ ಪ್ರಕರಣದಲ್ಲಿ ವರದಿಯಾಗಿತ್ತು. ನೀವು ಅದನ್ನೇ ಕೊಳ್ಳುವುದಾದರೆ, ದಾಖಲಿಸಿದ ಮೇಲೆ ಖಾಲಿ ಲಾಕರಿಗೆ ಮನೆಯ ಉಳಿದವರೆಲ್ಲರ ಬೆರಳನ್ನೂ ಇಡಿಸಿ ನೋಡಿ.

ಕಂಪನಿಯ ಬಳಿ ಎಲ್ಲ ಬೀಗ ತೆರೆಯುವ ಸಂಕೇತ ಉಳಿದಿರುತ್ತದೆಯೇ ಎಂದೂ ಕೇಳಿ. ನನ್ನ ಆಯ್ಕೆ ಅಂಕಿಗಳಿಗೆ ತಿರುಗಿಸಿ ತೆರೆಯುವ, ಮೂರು ಚಕ್ರಗಳ ಡಯಲ್ ಬೀಗ, ಅದರ ಹಿಂದೆ ಡ್ರಿಲ್ ತಡೆಯುವ ಗಡಸು ಉಕ್ಕಿನ ಫಲಕ, ಬೀಗವನ್ನು ಒಡೆದರೆ ತಾನಾಗಿ ಬಿದ್ದು ಬಾಗಿಲನ್ನು ಹಿಡಿಯುವ ಮರುಬೀಗ. ಡಯಲಿಗೆ ಬ್ಯಾಟರಿ ಬೇಡ, ಬಚ್ಚಿಡಬೇಕಾದ ಕೀಲಿಕೈಯೂ ಇಲ್ಲ.

ಉತ್ತರ: ಹೊಸನಗರದಿಂದ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ನಮ್ಮ ಕಡೆಯ ಗೋಡೆ ಮತ್ತು ಮಳೆಯ ವಿಷಯವನ್ನು ಸೇರಿಸಬೇಕು. ನೆಲಕ್ಕೆ ಬಿಗಿಯದ ತಿಜೋರಿಯನ್ನು ಕಳ್ಳರು ಅಲ್ಲೇ ಒಡೆಯುವ ಗೋಜಿಗೆ ಹೋಗದೆ ಹೊತ್ತೊಯ್ಯುತ್ತಾರೆ. ಜಂಬಿಟ್ಟಿಗೆಯಲ್ಲಿ ಹಿಗ್ಗುವ ಬೋಲ್ಟ್ ನಿಲ್ಲುವುದಿಲ್ಲ, ಬಿಗಿದಂತೆಲ್ಲ ಕಲ್ಲು ಪುಡಿಯಾಗುತ್ತದೆ. ನೆಲದಲ್ಲಿ ಕಾಂಕ್ರೀಟಿನ ಪೀಠ ಹಾಕಿಸಿ, ಅದು ಚೆನ್ನಾಗಿ ಗಟ್ಟಿಯಾದ ಮೇಲೆ ತಿಜೋರಿಯ ಒಳಗಿನಿಂದ ಬೋಲ್ಟ್ ಬಿಗಿಸುವುದೇ ಸರಿ. ಅಟ್ಟದ ಮೇಲಂತೂ ಇಡಬೇಡಿ.

ಬೆಂಕಿತಡೆಗೆ ಒಳಗೆ ಹಾಕುವ ಜಿಪ್ಸಂ ಹಲಗೆ ತನ್ನೊಳಗಿನ ನೀರನ್ನು ಹಬೆಯಾಗಿ ಬಿಟ್ಟು ಬಿಸಿಯನ್ನು ತಡೆಯುತ್ತದೆ. ಆದರೆ ಆಷಾಢದ ತೇವದಲ್ಲಿ ಅದೇ ಹಲಗೆ ಒಳಗಿನ ಗಾಳಿಯನ್ನು ಒಣಗಲು ಬಿಡದೆ ನಳಿಗೆಗೆ ತುಕ್ಕು ತರಿಸುತ್ತದೆ. ತೇವ ಹೀರಿದಾಗ ಬಣ್ಣ ಬದಲಿಸುವ ಬಗೆಯ ಸಿಲಿಕಾ ಜೆಲ್ ಇಡಿ, ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಿ. ಕೋವಿಯನ್ನು ಚರ್ಮದ ಅಥವಾ ಬಟ್ಟೆಯ ಚೀಲದಲ್ಲಿಟ್ಟು ಒಳಗಿಡಬೇಡಿ, ಚೀಲವೇ ತೇವವನ್ನು ಹಿಡಿದಿಡುತ್ತದೆ.

ತುಂಗಾತೀರದ ತೋಟ

ಇಬ್ಬರಿಗೂ ಕೃತಜ್ಞತೆಗಳು. ಕೋವಿಯನ್ನು ಬಿಚ್ಚಿಟ್ಟರೆ ಚಿಕ್ಕ ತಿಜೋರಿ ಸಾಕಾಗುವುದೇ?

ಉತ್ತರ: ಸಾಗರದ ಬೀಗದ ಕೆಲಸದವನು

ಸಾಕಾಗುತ್ತದೆ. ಮೂವತ್ತು ಅಂಗುಲದ ನಳಿಗೆಯಾದರೆ 76 ಸೆಂಟಿಮೀಟರ್. ಒಳಗಿನ ಎತ್ತರ 80 ಇದ್ದರೆ ನಳಿಗೆ, ಮುಂಗಟ್ಟಿಗೆ (ನಳಿಗೆಯ ಕೆಳಗಿನ ಮರದ ತುಂಡು), ಹಿಡಿ ಮೂರೂ ಹಿಡಿಯುತ್ತವೆ. ಅದೇ ಹಣಕ್ಕೆ ಹೆಚ್ಚು ದಪ್ಪದ ಉಕ್ಕು ಸಿಗುವುದರಿಂದ ನಾನು ಇದನ್ನೇ ಮೆಚ್ಚುತ್ತೇನೆ. ಆದರೆ ಚಿಕ್ಕದನ್ನು ಹೊರುವುದೂ ಸುಲಭ. ಕಾಂಕ್ರೀಟಿಗೆ ಬಿಗಿಯದೆ ಒಂದು ದಿನವೂ ಬಳಸಬೇಡಿ. ತೋಟಾಗಳನ್ನು ಬೇರೆ ಪೆಟ್ಟಿಗೆಯಲ್ಲಿ, ಬೇರೆ ಬೀಗದಡಿ ಇಡಿ. 2016ರ ಶಸ್ತ್ರಾಸ್ತ್ರ ನಿಯಮಗಳಡಿ ಸುರಕ್ಷಿತವಾಗಿ ಇಡುವ ಬಗ್ಗೆ ಮುಚ್ಚಳಿಕೆ ಕೊಡಬೇಕಾಗುವುದರಿಂದ ತಿಜೋರಿಯ ರಸೀದಿಯನ್ನೂ ಬಿಗಿಸಿದ ಮೇಲಿನ ಚಿತ್ರವನ್ನೂ ಪರವಾನಗಿಯ ಕಾಗದಗಳೊಂದಿಗೆ ಇಟ್ಟುಕೊಳ್ಳಿ.