ಅಪ್ಪನಿಗೆ ಆರನೇ ರಾಕಿ ತೋರಿಸಲಾ, ಬೇಡವಾ?

ಉಪ್ಪಳದಿಂದ ಕೇಳಿದ್ದು

ಬಾಕ್ಸಿಂಗ್ ಸಿನಿಮಾದ ವಿಷಯ, ಆದರೆ ಬರೀ ಸಿನಿಮಾದ್ದಲ್ಲ. ನೋಡಿದವರು ನಿಮ್ಮ ಅನುಭವ ಹೇಳಿ.

ಅಪ್ಪ ಇಪ್ಪತ್ತೆರಡು ವರ್ಷ ಶಾರ್ಜಾದಲ್ಲಿದ್ದರು. 1987ರಲ್ಲಿ ರಜೆಗೆ ಬಂದಾಗ ಒಂದು ವಿಸಿಆರ್, ಮೂರು ಕ್ಯಾಸೆಟ್ ತಂದರು. ಅದರಲ್ಲಿ ಒಂದು ರಾಕಿಯ ನಾಲ್ಕನೇ ಭಾಗ. ನಮ್ಮ ಚಾವಡಿಯಲ್ಲಿ ಅರ್ಧ ಊರೇ ಕೂತು ನೋಡಿತ್ತಂತೆ. ಮುಂದಿನ ರಜೆಗಳಲ್ಲಿ ಹಿಂದಿನ ಮೂರೂ ಬಂದವು. 1990ರ ಐದನೇ ಭಾಗ ನೋಡಿ ಮಾತ್ರ ಅಪ್ಪನಿಗೆ ಸಿಟ್ಟು ಬಂತು. "ಇದು ಇಲ್ಲಿಗೆ ಮುಗೀತು" ಅಂದವರು ಮತ್ತೆ ಆ ಸುದ್ದಿಗೇ ಹೋಗಲಿಲ್ಲ. ಹದಿನಾರು ವರ್ಷ ಬಿಟ್ಟು, 2006ರಲ್ಲಿ, 'ರಾಕಿ ಬಾಲ್ಬೋವಾ' ಅಂತ ಆರನೆಯದ್ದು ಬಂದದ್ದು ಅವರಿಗೆ ಗೊತ್ತೇ ಇಲ್ಲ.

ಅಪ್ಪನಿಗೆ ಈಗ 67. ಅಮ್ಮ ಹೋಗಿ ಹನ್ನೊಂದು ತಿಂಗಳು. ದಿನಾ ರಾತ್ರಿ ಟಿವಿ ಮುಂದೆ ಕೂರುತ್ತಾರೆ. ಏನು ನೋಡಿದಿರಿ ಅಂತ ಕೇಳಿದರೆ ಗೊತ್ತಿರುವುದಿಲ್ಲ. ಇದನ್ನು ಹಾಕಿದರೆ ಖುಷಿಯಾದಾರು ಅಂತ ಮೊದಲು ನಾನೇ ನೋಡಲು ಕೂತೆ. ಸ್ವಲ್ಪ ಹೊತ್ತಿನಲ್ಲೇ ನಿಲ್ಲಿಸಿದೆ. ರಾಕಿಯ ಹೆಂಡತಿ ಏಡ್ರಿಯನ್ ಸತ್ತುಹೋಗಿದ್ದಾಳೆ. ಅವನು ಗೋರಿಯ ಹತ್ತಿರ ಕೂತಿದ್ದಾನೆ.

ತೋರಿಸಲಾ? ಇನ್ನೊಂದು ಕಷ್ಟ ಭಾಷೆಯದ್ದು. ಅಪ್ಪನ ಇಂಗ್ಲಿಷ್ ಶಾರ್ಜಾದ ಸೈಟಿಗೆ ಸಾಕಾಗುತ್ತಿತ್ತು, ರಾಕಿಯ ಪಾತ್ರ ಮಾಡುವ ಸ್ಟಲೋನ್ ಗೊಣಗುವ ಇಂಗ್ಲಿಷಿಗೆ ಸಾಲದು. ಸಬ್‌ಟೈಟಲ್ ಓಡುವಷ್ಟು ಬೇಗ ಓದಲೂ ಆಗುವುದಿಲ್ಲ.

ಕುಂಬಳೆ, ಹಿಂದೆ ಕ್ಯಾಸೆಟ್ ಅಂಗಡಿ ಇಟ್ಟಿದ್ದವನು

ನಿಮ್ಮ ಅಪ್ಪನಂಥವರಿಂದಲೇ ನನ್ನ ಅಂಗಡಿ ನಡೆದದ್ದು. ಗಲ್ಫಿನಿಂದ ಬಂದವರು ವಿಸಿಆರ್ ತರುತ್ತಿದ್ದರು, ನಾವು ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದೆವು. ರಾಕಿ ನಾಲ್ಕನೇ ಭಾಗದ ನನ್ನ ಕ್ಯಾಸೆಟ್ಟಿನಲ್ಲಿ ಮೊದಲಿನ ಒಂದು ಗಂಟೆ ಕನ್ನಡಿಯ ಹಾಗೆ ಇತ್ತು. ಕೊನೆಯ ಹದಿನೈದು ನಿಮಿಷ ಪೂರ್ತಿ ಗೆರೆ. ಎದುರಾಳಿ, ರಷ್ಯಾದ ಡ್ರಾಗೊ ಬೀಳುವುದನ್ನು ತಿರುಗಿಸಿ ತಿರುಗಿಸಿ ನೋಡಿ ಟೇಪೇ ಸವೆದುಹೋಗಿತ್ತು. ಜನ ಬಂದು "ನಿಮ್ಮ ಕ್ಯಾಸೆಟ್ ಸರಿ ಇಲ್ಲ" ಅಂತ ಜಗಳ ಮಾಡುತ್ತಿದ್ದರು. ಹಾಳು ಮಾಡಿದವರೂ ಅವರೇ!

ಐದನೆಯದ್ದನ್ನು ತೆಗೆದುಕೊಂಡು ಹೋದವರು ಅದೇ ಸಂಜೆ ವಾಪಸ್ ತಂದರು. "ರಿಂಗೇ ಇಲ್ಲ ಮಾರ್ರೆ, ಕೊನೆಗೆ ರಸ್ತೆಯಲ್ಲಿ ಹೊಡೆದಾಟ" ಅಂತ ಒಬ್ಬ ಹುಡುಗ ಬಾಡಿಗೆ ದುಡ್ಡು ತಿರುಗಿ ಕೇಳಿದ್ದ. ಮೊದಲನೆಯದ್ದಕ್ಕೆ ಆಸ್ಕರ್ ತಂದ ನಿರ್ದೇಶಕ ಜಾನ್ ಆವಿಲ್ಡ್‌ಸನ್ ಅವರದ್ದೇ ಅದೂ. ಹಾಗಾಗಿ ಬೇಸರ ಜಾಸ್ತಿ ಆಯಿತು. ನಿಮ್ಮ ಅಪ್ಪ ಸಿಟ್ಟಾದದ್ದರಲ್ಲಿ ತಪ್ಪಿಲ್ಲ.

ಆರನೆಯದ್ದು ಬರುತ್ತದೆ ಅಂದಾಗ ಸ್ಟಲೋನ್‌ಗೆ ಅರವತ್ತು. ನಾವೆಲ್ಲ ನಕ್ಕದ್ದೇ ನಕ್ಕದ್ದು. "ಊರುಗೋಲು ಹಿಡ್ಕೊಂಡು ರಿಂಗಿಗೆ ಬರ್ತಾನಾ?" ಅಂತ. ತಮಾಷೆ ನೋಡಲಿಕ್ಕೇ ನಾಲ್ಕು ಜನ ಸೇರಿ ಸಿಡಿ ಹಾಕಿದೆವು. ಅರ್ಧ ಗಂಟೆಯ ಮೇಲೆ ಯಾರೂ ತಮಾಷೆ ಮಾಡಲಿಲ್ಲ. ಅವನು ಈಗ ಹೆಂಡತಿಯ ಹೆಸರಿನ ಹೋಟೆಲ್ ನಡೆಸುತ್ತಾನೆ. ಕೆಂಪು ಕೋಟು ಹಾಕಿಕೊಂಡು ಒಂದೊಂದು ಮೇಜಿಗೂ ಹೋಗಿ, ಹಳೆಯ ಎದುರಾಳಿ ಅಪೊಲೊ ಜೊತೆ ಆಡಿದ ಕಥೆಯನ್ನೇ ದಿನಾ ಹೇಳುತ್ತಾನೆ. ನಮ್ಮಲ್ಲಿ ಒಬ್ಬರು ಕುವೈತಿನಿಂದ ಬಂದವರಿದ್ದರು. ಅವರು ಆಮೇಲೆ ತುಂಬ ಹೊತ್ತು ಸುಮ್ಮನೆ ಕೂತಿದ್ದರು.

ತೋರಿಸಿ. ಆದರೆ ಏಡ್ರಿಯನ್ ಇಲ್ಲ ಅಂತ ಮೊದಲೇ ಹೇಳಿಬಿಡಿ. ಸಿನಿಮಾ ಅವಳ ಸಾವನ್ನು ತೋರಿಸುವುದಿಲ್ಲ, ಶುರುವಾಗುವ ಮೊದಲೇ ಅದು ಆಗಿಹೋಗಿದೆ. ಕ್ಯಾನ್ಸರ್ ಅಂತ ಒಮ್ಮೆ ಮಾತು ಬರುತ್ತದೆ. ಅಮ್ಮನಿಗೆ ಅದೇ ಆಗಿದ್ದರೆ ಇನ್ನೊಮ್ಮೆ ಯೋಚನೆ ಮಾಡಿ.

ಬದಿಯಡ್ಕ

ಬೇಡ. ಅತ್ತೆ ತೀರಿಹೋದ ವರ್ಷವೇ ನಾನು ಮಾವನಿಗೆ ತೋರಿಸಿ ಕೈ ಸುಟ್ಟುಕೊಂಡೆ. ಅರ್ಧದಲ್ಲಿ ಎದ್ದು ತೋಟಕ್ಕೆ ಹೋದರು. ರಾತ್ರಿ ಎಂಟೂವರೆ, ಕೈಯಲ್ಲಿ ಟಾರ್ಚೂ ಇಲ್ಲ. ಹುಡುಕಿಕೊಂಡು ಹೋದರೆ ಪಂಪ್‌ಶೆಡ್ಡಿನ ಕಟ್ಟೆಯ ಮೇಲೆ ಕೂತಿದ್ದರು. ಎಂತ ಮಾತಾಡುವುದು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ. ಕೊನೆಗೆ ಅಡಿಕೆಯ ಕೊಳೆರೋಗದ ವಿಷಯ ಮಾತಾಡಿದೆವು.

ಹನ್ನೊಂದು ತಿಂಗಳು ಅಂದಿರಿ. ವರ್ಷಾಂತಿಕವಾದರೂ ಕಳೆಯಲಿ.

ನೀರ್ಚಾಲು, ನಿವೃತ್ತ ಮೇಷ್ಟ್ರು

ಬದಿಯಡ್ಕದವರ ಮಾತು ಸರಿ, ಕಾಯಿರಿ. ಆದರೆ ಬಿಡಬೇಡಿ.

ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವರಾದ ನಮಗೆ ಇದು ಅರ್ಥವಾಗದ ವಿಷಯವಲ್ಲ. ಪುಂಡುವೇಷದಲ್ಲಿ, ಅಂದರೆ ಚುರುಕಿನ ಎಳೆಯ ವೀರರ ಪಾತ್ರಗಳಲ್ಲಿ, ಹೆಸರಾಗಿದ್ದ ಒಬ್ಬರು ಅರುವತ್ತು ದಾಟಿದ ಮೇಲೆ ಒಂದು ರಾತ್ರಿ ಅಭಿಮನ್ಯುವಿಗೆ ಗೆಜ್ಜೆ ಕಟ್ಟಿದರು. ವೇಷ ಕಟ್ಟುವ ಚೌಕಿಯಲ್ಲೇ ಕೆಲವರು ನಗುತ್ತಿದ್ದರು. ಪ್ರಾಯದಲ್ಲಿ ಲೆಕ್ಕವಿಲ್ಲದಷ್ಟು ಧಿಗಿಣ (ಹಾರಿ ತಿರುಗುವ ಸುತ್ತು) ಹಾಕುತ್ತಿದ್ದವರು ಅವತ್ತು ಹಾಕಿದ್ದು ಮೂರೇ. ನಾನು ರಂಗಸ್ಥಳದ ಬದಿಯಲ್ಲೇ ಕೂತಿದ್ದೆ. ಚೆಂಡೆಯವರು ಅವರ ಮುಖವನ್ನೇ ನೋಡುತ್ತಿದ್ದರು. ಉಸಿರು ತಿರುಗುವವರೆಗೆ ಕಾದು ಆಮೇಲೆ ಪೆಟ್ಟು ಹಾಕುತ್ತಿದ್ದರು. ಸಭೆಯಲ್ಲಿದ್ದವರಿಗೆ ಅದು ಗೊತ್ತಾಗಿರಲಿಕ್ಕಿಲ್ಲ. ಚಕ್ರ ಎತ್ತಿಕೊಳ್ಳುವ ಹೊತ್ತಿಗೆ ಕಡ್ಲೆ ತಿನ್ನುತ್ತಿದ್ದವರ ಕೈಯೂ ನಿಂತಿತ್ತು.

ಆರನೇ ರಾಕಿಯೂ ಹಾಗೆಯೇ. ಹಳೆಯ ತರಬೇತುದಾರ ಡ್ಯೂಕ್ ಮುಖಕ್ಕೇ ಹೇಳುತ್ತಾನೆ: ನಿನ್ನ ಕುತ್ತಿಗೆಯಲ್ಲಿ ಸಂಧಿವಾತ, ಕೀಲುಗಳಲ್ಲಿ ಸುಣ್ಣ ಕಟ್ಟಿದೆ, ವೇಗ ನಿನ್ನಿಂದ ಆಗದು, ಉಳಿದದ್ದು ಪೆಟ್ಟಿನ ಭಾರ ಮಾತ್ರ. ವಯಸ್ಸನ್ನು ಮುಚ್ಚಿಡುವುದಿಲ್ಲ. ಸಿನಿಮಾ ಗೆದ್ದದ್ದು ಅಲ್ಲಿ.

ಹಾಗಂತ ಎಲ್ಲವೂ ಚೆನ್ನಾಗಿದೆ ಅಂತ ನಾನು ಹೇಳುವುದಿಲ್ಲ. ಟಿವಿಯವರು ಕಂಪ್ಯೂಟರಿನಲ್ಲಿ ಹಳೆಯ ರಾಕಿಗೂ ಈಗಿನ ಚಾಂಪಿಯನ್ನಿಗೂ ಪಂದ್ಯ ಆಡಿಸುತ್ತಾರೆ, ರಾಕಿ ಗೆಲ್ಲುತ್ತಾನೆ, ಅದರಿಂದ ನಿಜವಾದ ಪಂದ್ಯ ಹುಟ್ಟುತ್ತದೆ. ಇದು ತೆಳು. ಮಗನ ಪಾತ್ರವೂ ಅರೆಬೆಂದದ್ದು. ಬೀದಿಯಲ್ಲಿ ನಿಂತು ಅಪ್ಪ ಮಗನಿಗೆ ಹೇಳುವ ಒಂದು ಉದ್ದದ ಮಾತು ಎಲ್ಲವನ್ನೂ ತೂಗಿಸುತ್ತದೆ. ಭಾಷೆಯ ಬಗ್ಗೆ ಕೇಳಿದಿರಲ್ಲ, ಅಲ್ಲಿ ಮಾತ್ರ ನಿಲ್ಲಿಸಿ ಅರ್ಥ ಹೇಳಿ. ಉಳಿದ ಕಡೆ ಬಾಯಿ ಹಾಕಬೇಡಿ. ಮೊದಲೇ ಕಥೆ ಹೇಳಿ ಕೂರಿಸಿದರೆ ಸಾಕು. ಪ್ರಸಂಗ ಗೊತ್ತಿದ್ದೇ ಅಲ್ವಾ ನಾವು ಆಟ ನೋಡುವುದು?

ಹೊಸದುರ್ಗ, ಕಾಲೇಜಿನಲ್ಲಿ ಬಾಕ್ಸಿಂಗ್ ಆಡಿದವನು

ಮೇಷ್ಟ್ರೇ, ತೆಳು ಅನ್ನುವುದನ್ನು ಒಪ್ಪುತ್ತೇನೆ. ಆದರೆ ಹೊಡೆದಾಟ ಆರು ಸಿನಿಮಾಗಳಲ್ಲೇ ನಿಜಕ್ಕೆ ಹತ್ತಿರ. ಎದುರಾಳಿ ಮೇಸನ್ ಡಿಕ್ಸನ್ ಆದವನು ಆಂಟೋನಿಯೊ ಟಾರ್ವರ್, 2004ರಲ್ಲಿ ರಾಯ್ ಜೋನ್ಸ್ ಜೂನಿಯರನ್ನು ಎರಡನೇ ಸುತ್ತಿನಲ್ಲೇ ಮಲಗಿಸಿದ ಅಸಲಿ ಚಾಂಪಿಯನ್. ಟಿವಿಯಲ್ಲಿ ಲೈವ್ ಬಂದ ಹಾಗೆ ತೆಗೆದಿದ್ದಾರೆ. ಡಿಕ್ಸನ್ ಶುರುವಿನಲ್ಲೇ ರಾಕಿಯ ಸೊಂಟದ ಎಲುಬಿಗೆ ಹೊಡೆದು ಎಡಗೈ ಮುರಿದುಕೊಳ್ಳುತ್ತಾನೆ. ಮುದುಕ ಹತ್ತು ಸುತ್ತು ನಿಂತದ್ದು ಹೇಗೆ ಅಂತ ಅಪ್ಪ ಕೇಳಿದರೆ ಉತ್ತರ ಅದು.

ಕೊನೆಗೆ ರಾಕಿ ಸೋಲುತ್ತಾನೆ, ತೀರ್ಪುಗಾರರಲ್ಲಿ ಒಮ್ಮತ ಇಲ್ಲದೆ, ಕೂದಲೆಳೆಯಲ್ಲಿ. ಫಲಿತಾಂಶ ಹೇಳುವಾಗ ಅವನು ರಿಂಗಿನಲ್ಲೇ ಇಲ್ಲ, ಜನರಿಗೆ ಕೈ ಬೀಸುತ್ತಾ ಹೊರಗೆ ಹೋಗುತ್ತಿದ್ದಾನೆ. ಅವನು ಗೆದ್ದ ಹಾಗೆ ಚಿತ್ರೀಕರಿಸಿದ ಇನ್ನೊಂದು ಕೊನೆ ಡಿವಿಡಿಯಲ್ಲಿದೆ. ಅದನ್ನು ಹಾಕಲೇಬೇಡಿ. ನನಗಂತೂ ಸಪ್ಪೆ ಅನಿಸಿತು.

ಮಂಜೇಶ್ವರ

ಎಲ್ಲರೂ ಗೋರಿಯ ದೃಶ್ಯಕ್ಕೆ ಹೆದರುತ್ತಿದ್ದೀರಿ. ನಾನು ಅಪ್ಪ ಹೋದ ಮೇಲೆ ಅಮ್ಮನ ಜೊತೆ ನೋಡಿದವಳು. ಅಮ್ಮನಿಗೆ ಬಾಕ್ಸಿಂಗಿನ ತಲೆ ಬುಡ ಗೊತ್ತಿಲ್ಲ. ಗೋರಿಯ ದೃಶ್ಯದಲ್ಲಿ ಅಮ್ಮ ಅಳಲಿಲ್ಲ. ರಾಕಿ ಅಲ್ಲೇ ಮರದ ಕೊಂಬೆಯಲ್ಲಿ ಒಂದು ಮಡಚುವ ಕುರ್ಚಿ ಸಿಕ್ಕಿಸಿ ಇಟ್ಟಿರುತ್ತಾನೆ. ಬಂದಾಗ ತೆಗೆದು ಕೂರುತ್ತಾನೆ, ಹೋಗುವಾಗ ಮತ್ತೆ ಮೇಲಿಡುತ್ತಾನೆ. ಅಮ್ಮ ಅದನ್ನು ನೋಡಿ, "ಮಳೆ ಬಂದರೆ ತುಕ್ಕು ಹಿಡಿಯುವುದಿಲ್ವಾ?" ಅಂತ ಕೇಳಿದರು. ಅಷ್ಟೇ.

ಹೆದರಬೇಕಾದದ್ದು ಪೌಲಿಗೆ. ಏಡ್ರಿಯನ್‌ಳ ಅಣ್ಣ, ಬರ್ಟ್ ಯಂಗ್ ಮಾಡಿದ್ದು. ಅವಳ ವರ್ಷಾಂತಿಕದ ದಿನ ರಾಕಿ ಅವನನ್ನು ಕಟ್ಟಿಕೊಂಡು ಹಳೆಯ ಜಾಗಗಳಿಗೆಲ್ಲ ಸುತ್ತುತ್ತಾನೆ. ಅವಳು ಕೆಲಸ ಮಾಡಿದ ಪ್ರಾಣಿಗಳ ಅಂಗಡಿ ಮುಚ್ಚಿದೆ. ಮೊದಲ ಸಲ ಜೊತೆಗೆ ಹೋಗಿದ್ದ ಐಸಿನ ಅಂಗಳ ಕೆಡವಿದ್ದಾರೆ. ಪೌಲಿಗೆ ತಡೆಯುವುದಿಲ್ಲ. ನೀನು ಅವಳನ್ನು ಚೆನ್ನಾಗಿ ನೋಡಿಕೊಂಡಿದ್ದಿ, ನಿನಗೆ ನೆನಪು ಬೇಕು, ನಾನು ಚೆನ್ನಾಗಿ ನೋಡಿಕೊಳ್ಳಲಿಲ್ಲ, ನನಗೆ ಬೇಡ. ಅವನು ಸಿಡಿಯುವುದು ಸುಮಾರು ಈ ಅರ್ಥದಲ್ಲಿ.

ಇಪ್ಪತ್ತೆರಡು ವರ್ಷ ಶಾರ್ಜಾ ಅಂದಿರಿ. ಎರಡು ವರ್ಷಕ್ಕೊಮ್ಮೆ ರಜೆ ಇದ್ದಿರಬಹುದು. ನನ್ನ ಅಪ್ಪನೂ ಹಾಗೆಯೇ. ತಪ್ಪು ತಿಳಿಯಬೇಡಿ, ಆದರೆ ನಿಮ್ಮ ಅಪ್ಪ ರಾಕಿಯ ಕಡೆಯಿಂದ ನೋಡುತ್ತಾರೋ ಪೌಲಿಯ ಕಡೆಯಿಂದಲೋ ಅಂತ ಹೇಳಲಿಕ್ಕಾಗದು. ಆಗ ಅವರ ಮುಖ ನೋಡಬೇಡಿ. ನೀರು ತರುತ್ತೇನೆ ಅಂತ ಒಳಗೆ ಹೋಗಿ.

ಮುಳ್ಳೇರಿಯ

ಸಣ್ಣ ಸೂಚನೆ. ಐದನೆಯದ್ದನ್ನು ಮತ್ತೆ ನೋಡುವ ಅಗತ್ಯ ಇಲ್ಲ. ಮಗನ ಪಾತ್ರಕ್ಕೂ ನಟ ಬೇರೆ. ಐದರಲ್ಲಿ ಸ್ಟಲೋನ್‌ನ ಸ್ವಂತ ಮಗ ಸೇಜ್, ಆರರಲ್ಲಿ ಮೈಲೊ ವೆಂಟಿಮಿಗ್ಲಿಯಾ. ಆರು ಹಿಡಿಸಿತು ಅಂತ ಅದೇ ಬಿಸಿಯಲ್ಲಿ ರಾಕಿಯ ಕಥೆ ಮುಂದುವರಿಯುವ 2015ರ 'ಕ್ರೀಡ್' ಹಾಕಬೇಡಿ. ಅದರಲ್ಲಿ ಪೌಲಿಯೂ ಇಲ್ಲ, ರಾಕಿಗೇ ಕ್ಯಾನ್ಸರ್. ಸಿನಿಮಾ ಬಹಳ ಚೆನ್ನಾಗಿದೆ, ಸ್ಟಲೋನ್‌ಗೆ ಗೋಲ್ಡನ್ ಗ್ಲೋಬ್ ಕೂಡ ಬಂತು. ಆದರೂ ಈಗಲೇ ಬೇಡ.

ಉಪ್ಪಳದಿಂದ, ಎರಡು ತಿಂಗಳ ಮೇಲೆ

ವರ್ಷಾಂತಿಕ ಮುಗಿಸಿ, ನೆಂಟರೆಲ್ಲ ಹೋದ ಮೇಲೆ ಮೊನ್ನೆ ಭಾನುವಾರ ಹಾಕಿದೆ. ಕುಂಬಳೆಯವರು ಹೇಳಿದ ಹಾಗೆ ಏಡ್ರಿಯನ್ ವಿಷಯ ಮೊದಲೇ ಹೇಳಿದೆ. ಅಪ್ಪ ಒಂದು ಕ್ಷಣ ಸುಮ್ಮನಿದ್ದು, "ಅವಳಿಗೂ ಪ್ರಾಯ ಆಗಿರಬೇಕಲ್ಲ" ಅಂದರು. ಮೇಷ್ಟ್ರು ಹೇಳಿದ ಹಾಗೆ ಕಥೆಯನ್ನೂ ಹೇಳಿದೆ, ಸೋಲುವುದನ್ನು ಮಾತ್ರ ಬಿಟ್ಟು.

ಶುರುವಿನಲ್ಲೇ ರಾಕಿ ಆಮೆಗಳಿಗೆ ತಿನ್ನಲು ಹಾಕುತ್ತಾನೆ. ಅಪ್ಪ ಕುರ್ಚಿಯಲ್ಲಿ ಮುಂದೆ ಬಂದರು. "ಇದು ಅವಳ ಅಂಗಡಿಯಿಂದ ತಂದದ್ದಲ್ವಾ? ಇನ್ನೂ ಉಂಟಾ ಇವು?" ಆಮೇಲೆ ಹುಡುಕಿ ನೋಡಿದೆ. 1976ರ ಮೊದಲ ಚಿತ್ರದಲ್ಲಿದ್ದ ಅದೇ ಎರಡು ಆಮೆಗಳಂತೆ! ಅದನ್ನು ಹೇಳಿದಾಗ ಅಪ್ಪ ನಕ್ಕದ್ದನ್ನು ಎಷ್ಟು ಸಮಯದ ಮೇಲೆ ನೋಡಿದೆನೋ.

ಮಂಜೇಶ್ವರದ ಅಕ್ಕ, ಪೌಲಿ ಕೂಗುವಾಗ ನಾನು ನೀರಿಗೆ ಹೋದೆ. ಅಡಿಗೆಮನೆಯಲ್ಲಿ ಬೇಕಂತಲೇ ತಡ ಮಾಡಿದೆ. ವಾಪಸ್ ಬಂದಾಗ ಅಪ್ಪನೇ ರಿಮೋಟಿನಿಂದ ನಿಲ್ಲಿಸಿದ್ದರು. "ಇವನು ಎಂತ ಹೇಳಿದ್ದು?" ಅಂತ ಕೇಳಿದರು. ಹೇಳಿದೆ. "ಹ್ಞೂಂ" ಅಂದರು. ಮತ್ತೆ ಅವರೇ ಮುಂದೆ ಓಡಿಸಿದರು.

ಪಂದ್ಯ ಶುರುವಾದ ಮೇಲೆ ಹಳೆಯ ಅಪ್ಪ. ಕಾಲು ಕುಟ್ಟುವುದೇನು, "ಎಡಕ್ಕೆ ಬಾ, ಎಡಕ್ಕೆ!" ಅಂತ ಕೂಗುವುದೇನು. ಪಕ್ಕದ ಮನೆಯವರು ಜಗಲಿಗೆ ಬಂದು ಎಂತ ಆಯಿತು ಅಂತ ಕೇಳಿದರು. ತೀರ್ಪು ಬಂದದ್ದೇ ತಡ, ಸಿಟ್ಟು. "ಅಂಕ ಕೊಟ್ಟವನಿಗೆ ಕಣ್ಣು ಕಾಣುವುದಿಲ್ಲ" ಅಂತ ಊಟಕ್ಕೆ ಕೂತರೂ ಅದೇ. ಹೊಸದುರ್ಗದವರೇ, ಗೆಲ್ಲುವ ಇನ್ನೊಂದು ಕೊನೆ ಇದೆ ಅಂತ ನಾನು ಹೇಳಲಿಲ್ಲ.

ನಿನ್ನೆ ಸಂಜೆ ಅಪ್ಪನೇ ಕೇಳಿದರು, "ಮೊದಲಿನದ್ದು ಉಂಟಾ ನಿನ್ನ ಹತ್ತಿರ? ಆ ಐಸಿನ ಮೇಲೆ ಹೋಗುವುದು ಉಂಟಲ್ಲ, ಅದು." ನಮ್ಮ ಕ್ಯಾಸೆಟ್ ಅಟ್ಟದಲ್ಲಿ ಬೂಸ್ಟು ಹಿಡಿದು ಕೂತಿದೆ, ವಿಸಿಆರ್ ಯಾವಾಗಲೋ ಗುಜರಿಗೆ ಹೋಯಿತು. ಒಳ್ಳೆಯ ಪ್ರಿಂಟ್ ಎಲ್ಲಿ ಸಿಗುತ್ತದೆ, ಯಾರಿಗಾದರೂ ಗೊತ್ತಾ?