ಶುಶ್ರೂಷೆಯೋ ಆರೈಕೆಯೋ? ದವಡೆ ಮುರಿದ ಬಾಲಕನ ಪಾಠಕ್ಕೆ ಬೇಕಾದ ಪದಗಳು

ಮಾನ್ಯರೇ,

ಬಿದ್ದು ಕೆಳದವಡೆ ಮುರಿದುಕೊಂಡ 12 ವರ್ಷದ ಬಾಲಕನನ್ನು ಶಸ್ತ್ರಚಿಕಿತ್ಸೆಯ ನಂತರ ನೋಡಿಕೊಳ್ಳುವ ಬಗೆಯನ್ನು ಕುರಿತು ದಾದಿಯರಿಗಾಗಿ ಪಾಠವೊಂದನ್ನು ಬರೆಯುತ್ತಿದ್ದೇನೆ. ತಲೆಬರಹದಲ್ಲಿಯೇ ತೊಡಕು ಎದುರಾಗಿದೆ. 'ಆರೈಕೆ' ಎಂದೊಡನೆ ಬಾಣಂತಿಯೂ ಹಸುಗೂಸೂ ನೆನಪಾಗುತ್ತಾರೆ. 'ಉಪಚಾರ' ಅತಿಥಿಗಳ ಕಡೆಗೂ ವಾಲುತ್ತದೆ. 'ಶುಶ್ರೂಷೆ' ಬರೆಯಲು ಕಷ್ಟವೆಂದು ಹಲವರು ಅದನ್ನು ಬಿಡುತ್ತಾರೆ. ಆದರೆ ಅದು 'ಶ್ರು' ಧಾತುವಿನಿಂದ ಬಂದದ್ದು, 'ಕೇಳಬೇಕೆಂಬ ಬಯಕೆ' ಎಂಬುದು ಅದರ ಮೂಲಾರ್ಥ, ಸೇವೆ ಎಂಬ ಅರ್ಥ ಆಮೇಲಿನದು. ಮೇಲಿನ ಮತ್ತು ಕೆಳಗಿನ ಹಲ್ಲುಸಾಲುಗಳನ್ನು ತಂತಿಯಿಂದ ಸೇರಿಸಿ ಕಟ್ಟಿರುವಾಗ ಬಾಲಕ ಬಾಯಿ ತೆರೆಯಲಾರ. ಹಲ್ಲಿನ ಸಂದಿಯಿಂದ ಹೊರಡುವ ಅಸ್ಪಷ್ಟ ದನಿ, ಸ್ಲೇಟಿನ ಮೇಲೆ ಗೀಚಿದ 'ನೀರು' ಎಂಬ ಎರಡಕ್ಷರ, ಸೆರಗನ್ನೋ ತೋಳನ್ನೋ ಹಿಡಿದೆಳೆಯುವ ಕೈ, ಇವೇ ಅವನ ಮಾತು. ಅದನ್ನು ಕೇಳಿಸಿಕೊಳ್ಳುವ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಹೆಸರು ನನಗೆ ಕಾಣುತ್ತಿಲ್ಲ.

ಎರಡನೆಯ ತೊಡಕು ಹೆಚ್ಚು ಗಂಭೀರವಾದದ್ದು. 'ದವಡೆ ಬಿಗಿದಿದೆ' ಎಂದು ಬರೆದರೆ ಧನುರ್ವಾಯುವಿನ ಲಕ್ಷಣವೆಂದು ಓದುವವರಿದ್ದಾರೆ. ಆದ್ದರಿಂದ, ಉದ್ದವಾದರೂ ಚಿಂತೆಯಿಲ್ಲ, 'ದವಡೆಗೆ ತಂತಿ ಕಟ್ಟಿದೆ' ಎಂದೇ ಬರೆಯುವುದು ಕ್ಷೇಮವೆನ್ನಿಸುತ್ತದೆ. ಇಂಥ ರೋಗಿಗೆ ವಾಂತಿಯಾದರೆ ಅದು ಶ್ವಾಸನಾಳಕ್ಕೆ ಇಳಿಯುವ ಭಯವಿರುವುದರಿಂದ ತಕ್ಷಣ ಪಕ್ಕಕ್ಕೆ ಹೊರಳಿಸಿ ಬಾಯಿಯ ದ್ರವವನ್ನು ಹೀರಿ ತೆಗೆಯಬೇಕು. ಉಸಿರಾಟಕ್ಕೆ ಅಡ್ಡಿಯಾದರೆ ತಂತಿಯನ್ನೇ ಕತ್ತರಿಸಬೇಕಾದೀತು. ಅದಕ್ಕಾಗಿ ಸದಾ ತಲೆದೆಸೆಯಲ್ಲಿ ಇರಬೇಕಾದ ಸಲಕರಣೆಯನ್ನು 'ತಂತಿಗತ್ತರಿ' ಎಂದು ಕರೆಯುವ ಆಸೆ ನನಗಿತ್ತು. ಆದರೆ ಗಾಬರಿಯ ಗಳಿಗೆಯಲ್ಲಿ ಬಾಯಿಗೆ ಬರುವುದು 'ವೈರ್ ಕಟರ್', ಅದನ್ನೇ ಉಳಿಸಿಕೊಂಡಿದ್ದೇನೆ.

'ಊತ'ದ ವಿಷಯದಲ್ಲಿ ಗೊಂದಲವಿಲ್ಲ. ಮೊದಲ ಎರಡು ಮೂರು ದಿನ ಅದು ಏರಿ ಆಮೇಲೆ ಇಳಿಯುತ್ತದೆಂದು ಹುಡುಗನಿಗೆ ಮುಂಚೆಯೇ ಹೇಳಿದ್ದರೆ ಕನ್ನಡಿ ನೋಡಿದಾಗ ಅಷ್ಟು ಹೆದರಲಾರ.

ಉಳಿದಿರುವುದು ಹೊಲಿಗೆಯ ಜಾಗದಲ್ಲಿ ನಿಲ್ಲುವ ಗುರುತು. 'ವಿರೂಪ'ವನ್ನು ಅವನ ಹಾಸಿಗೆಯ ಬಳಿ ಉಚ್ಚರಿಸಲೇಬಾರದು. 'ಕಲೆ' ಎಂದರೆ ಬಟ್ಟೆಗೆ ಅಂಟಿದ ಕೊಳೆಯ ನೆನಪಾಗುತ್ತದೆ. ಸದ್ಯಕ್ಕೆ 'ಗಾಯದ ಗುರುತು' ಎಂದಿಟ್ಟಿದ್ದೇನೆ. ಮಾಗಿದ ಗಾಯದ ಗುರುತಿಗೆ, ಕೊಳೆಯನ್ನೂ ಕುಂದನ್ನೂ ಸೂಚಿಸದ ಒಂದೇ ಪದ ನಿಮ್ಮ ಕಡೆಯ ಆಡುಮಾತಿನಲ್ಲಿ ಇದೆಯೇ?