ಕನ್ನಡ ಫಲಕ ಕೊರೆಯುವ ಸಿಎನ್‌ಸಿ: ಮೋಟರ್‌ಗೆ ಯಾವ ಕಪ್ಲಿಂಗ್ ಹಾಕಲಿ?

ಚಿಂಚವಾಡ_ಹುಡುಗ:
ಎಲ್ಲರಿಗೂ ನಮಸ್ಕಾರ. ಚಿಂಚವಾಡದ ಮನೆಯ ಟೆರೇಸ್ ರೂಮಿನಲ್ಲಿ ಒಂದು ಸಣ್ಣ ಸಿಎನ್‌ಸಿ ರೌಟರ್ (ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಮಷಿನ್) ಕಟ್ಟಿದ್ದೇನೆ. ಕೆಲಸದ ಜಾಗ 600 × 400 ಮಿ.ಮೀ. ಮೋಟರ್ ನೇಮಾ 23 ಅಳತೆಯ ಸ್ಟೆಪ್ಪರ್ (ಸಣ್ಣ ಸಣ್ಣ ಹೆಜ್ಜೆಯಲ್ಲಿ ತಿರುಗುವಂಥದ್ದು), ಶಾಫ್ಟ್ 6.35 ಮಿ.ಮೀ. ಎಕ್ಸ್ ಮತ್ತು ವೈ (ಅಡ್ಡ, ಉದ್ದದ ಚಲನೆ) ಎರಡಕ್ಕೂ 1605 ಬಾಲ್ ಸ್ಕ್ರೂ (ಮೋಟರ್ ತಿರುಗಿದಂತೆ ಮಷಿನನ್ನು ಜರುಗಿಸುವ ತಿರುಪು), ಅದನ್ನು ಹಿಡಿಯುವ ಬಿಕೆ12 ಬೇರಿಂಗ್ ಬ್ಲಾಕ್, ಸ್ಕ್ರೂ ಕೊನೆ 10 ಮಿ.ಮೀ. ಮೋಟರ್ ಶಾಫ್ಟನ್ನೂ ಸ್ಕ್ರೂವನ್ನೂ ಜೋಡಿಸಲು ಆನ್‌ಲೈನ್‌ನಲ್ಲಿ ತರಿಸಿದ, ಸುರುಳಿಯಾಗಿ ಸೀಳಿದ ಅಲ್ಯೂಮಿನಿಯಂ ಕಪ್ಲಿಂಗ್ ಇದೆ.

ರಾಜ್ಯೋತ್ಸವಕ್ಕೆ ನಮ್ಮ ಸಂಘಕ್ಕೆ ಸಾಗವಾನಿಯಲ್ಲಿ ಫಲಕ ಕೊರೆದು ಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದೇನೆ. ಮೊದಲ ಎರಡು ಅಕ್ಷರ ಚೆನ್ನಾಗಿ ಬರುತ್ತವೆ. ಆಮೇಲೆ ಎಕ್ಸ್ ಮೆಲ್ಲಗೆ ಒಂದೇ ಕಡೆಗೆ ಜರುಗುತ್ತದೆ, ಅರ್ಧ ಗಂಟೆಯಲ್ಲಿ ಒಂದೂವರೆ ಮಿ.ಮೀ. ಹೋಗಿತ್ತು. ವೈ ಕಡೆಯ ಕಪ್ಲಿಂಗ್ ಅಂತೂ ಎರಡು ತಿಂಗಳಾಗುವ ಮೊದಲೇ ಸೀಳಿನಲ್ಲಿ ಬಿರುಕು ಬಿಟ್ಟಿದೆ. ಸ್ಪೈಡರ್ (ನಡುವೆ ರಬ್ಬರಿನಂಥ ತುಂಡು ಇರುವ ಕಪ್ಲಿಂಗ್) ಹಾಕು ಅಂತ ಒಬ್ಬರು, ಅದರಲ್ಲಿ ಪ್ಲೇ (ಸಡಿಲದ ಅಲುಗಾಟ) ಬರುತ್ತದೆ ಬೇಡ ಅಂತ ಇನ್ನೊಬ್ಬರು. ಏನು ಮಾಡಲಿ?

ಭೋಸರಿ_ಟರ್ನರ್:
ತಮ್ಮಾ, ಹೊಸದು ಕೊಳ್ಳುವ ಮುಂಚೆ ಒಂದು ಮಾರ್ಕರ್ ಪೆನ್ ತಗೋ. ಮೋಟರ್ ಶಾಫ್ಟ್, ಕಪ್ಲಿಂಗ್, ಸ್ಕ್ರೂ ಮೂರರ ಮೇಲೂ ಸೇರಿದ ಹಾಗೆ ಉದ್ದಕ್ಕೆ ಒಂದು ಗೆರೆ ಎಳಿ. ಅರ್ಧ ಗಂಟೆ ಓಡಿಸಿ ನೋಡು. ಗೆರೆ ಮುರಿದಿದ್ದರೆ ಕಪ್ಲಿಂಗ್ ಜಾರುತ್ತಿದೆ. ಗೆರೆ ನೇರವಾಗೇ ಇದ್ದು ಆದರೂ ಅಕ್ಷರ ಜರುಗಿದರೆ ಮೋಟರ್ ಸ್ಟೆಪ್ ಬಿಡುತ್ತಿದೆ ಅಂತ ಅರ್ಥ, ಆಗ ಡ್ರೈವರ್ (ಮೋಟರ್ ಓಡಿಸುವ ಸರ್ಕ್ಯೂಟ್) ಕೊಡುವ ಕರೆಂಟ್ ನೋಡಬೇಕು, ಆಕ್ಸಿಲರೇಶನ್ ಇಳಿಸಬೇಕು, ಕಪ್ಲಿಂಗ್ ಬದಲಿಸಿ ಏನೂ ಆಗಲ್ಲ. ಪ್ಲೇ ಇದ್ದರೆ ಹೀಗೆ ಒಂದೇ ಕಡೆಗೆ ಬೆಳೆಯುತ್ತಾ ಹೋಗುವುದಿಲ್ಲ. ದಿಕ್ಕು ಬದಲಾದಾಗ ಮಾತ್ರ, ಪ್ರತಿ ಸಲ ಅಷ್ಟೇ ತಪ್ಪು ಕಾಣಿಸುತ್ತದೆ.

ನನ್ನ ಅನುಮಾನ ಗ್ರಬ್ ಸ್ಕ್ರೂ (ಕಪ್ಲಿಂಗನ್ನು ಶಾಫ್ಟ್‌ಗೆ ಬಿಗಿಯುವ ತಲೆಯಿಲ್ಲದ ಸಣ್ಣ ಸ್ಕ್ರೂ) ಮೇಲೆ. ಬಾಲ್ ಸ್ಕ್ರೂ ಕೊನೆ ಪೂರ್ತಿ ದುಂಡಗಿರುತ್ತದೆ, ಅದರ ಮೇಲೆ ಗ್ರಬ್ ಸ್ಕ್ರೂ ಒಂದು ಚುಕ್ಕೆಯಷ್ಟು ಜಾಗದಲ್ಲಿ ಕಚ್ಚುತ್ತದೆ, ಸ್ಟೆಪ್ಪರ್ ನಡುಗಿದ ಹಾಗೆ ಸಡಿಲವಾಗುತ್ತದೆ. ಸುತ್ತಲೂ ಅಪ್ಪಿ ಹಿಡಿಯುವ ಕ್ಲ್ಯಾಂಪ್ ಮಾದರಿಯದನ್ನೇ ತಗೋ. ಬೋರ್ (ಒಳಗಿನ ತೂತು) ಸರಿಯಾಗಿ 6.35 ಮತ್ತು 10 ಅಂತ ಕೇಳು. 6.35 ಅಂದರೆ ಕಾಲು ಇಂಚು, ನಮ್ಮ ಕಡೆ ಎರಡು ಸೂತ್ ಅಂತೀವಿ. 8 ಮಿ.ಮೀ. ಬೋರ್ ಕೊಟ್ಟು ನಡುವೆ ತಗಡು ತುರುಕು ಅಂದರೆ ಒಪ್ಪಬೇಡ. ಪುಣೆಯ ರವಿವಾರ ಪೇಟೆಯ ಬೋಹ್ರಿ ಆಳಿಗೆ ಹೋದರೆ ಕೈಯಲ್ಲಿ ಹಿಡಿದು ನೋಡಿ ಕೊಳ್ಳಬಹುದು, ನಿನ್ನ ಶಾಫ್ಟ್‌ನ ಅಳತೆ ವರ್ನಿಯರ್‌ನಲ್ಲಿ ತಗೊಂಡು ಹೋಗು.

ಬಿರುಕು ಬೇರೆ ವಿಷಯ. ಅದು ಅಲೈನ್‌ಮೆಂಟ್ ತಪ್ಪಿದ್ದರಿಂದ ಬಂದಿರಬೇಕು. ಶಾಫ್ಟ್ ಎರಡೂ ಒಂದೇ ಗೆರೆಯಲ್ಲಿ ಇಲ್ಲದಿದ್ದರೆ ಆ ಸೀಳು ಪ್ರತಿ ಸುತ್ತಿಗೂ ಒಮ್ಮೆ ಬಾಗಿ ನೆಟ್ಟಗಾಗುತ್ತದೆ. ತಂತಿಯನ್ನು ಬಾಗಿಸಿ ಬಾಗಿಸಿ ಮುರಿಯುತ್ತೀವಲ್ಲ, ಅದೇ ಲೆಕ್ಕ.

ಡೊಂಬಿವಲಿ_ಅಕ್ಕ:
ಟರ್ನರ್ ಅಣ್ಣ ಹೇಳಿದ್ದು ಸರಿ. ನಾನು ಎರಡು ಮಷಿನ್ ಕಟ್ಟಿದ್ದೇನೆ, ಎರಡಕ್ಕೂ ಸ್ಪೈಡರ್ ಇರುವ ಜಾ ಕಪ್ಲಿಂಗ್ ಹಾಕಿದ್ದೇನೆ, 25 ಮಿ.ಮೀ. ದಪ್ಪ, 30 ಉದ್ದದ್ದು. ಪ್ಲೇ ಇರುವುದು ಪಂಪಿಗೆ ಹಾಕುವ ಸಾದಾ ಜಾ ಕಪ್ಲಿಂಗ್‌ನಲ್ಲಿ. ನಮಗೆ ಬೇಕಾದ್ದರಲ್ಲಿ ಸ್ಪೈಡರ್ ಬಿಗಿಯಾಗಿ, ಕೈಯಿಂದ ಒತ್ತಿದರೆ ಮಾತ್ರ ಕೂರುವ ಹಾಗಿರುತ್ತದೆ. ಅಂಗಡಿಯಲ್ಲೇ ಎರಡೂ ತುದಿ ಹಿಡಿದು ತಿರುಚಿ ನೋಡು, ಟಕ್ ಟಕ್ ಅಂದರೆ ವಾಪಸ್ ಇಡು. ಸ್ಪೈಡರ್ ಶೋರ್ ಎ (ರಬ್ಬರಿನ ಗಟ್ಟಿತನದ ಅಳತೆ) 98 ಸಿಕ್ಕರೆ ಒಳ್ಳೆಯದು, 92 ಆದರೂ ನಡೆಯುತ್ತದೆ. ಬಣ್ಣ ನೋಡಿ ಗಟ್ಟಿತನ ಹೇಳಬೇಡ, ಅದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ.

ರಬ್ಬರ್ ತಿರುಚಿಕೊಂಡರೆ ಅಳತೆ ತಪ್ಪುತ್ತದಲ್ವಾ ಅಂತ ಭಯ ಇದ್ದರೆ ಲೆಕ್ಕ ಹಾಕು. ನಿನ್ನ ಸ್ಕ್ರೂ ಒಂದು ಸುತ್ತಿಗೆ 5 ಮಿ.ಮೀ. ಹೋಗುತ್ತದೆ. ಕಪ್ಲಿಂಗ್ ಪೂರ್ತಿ ಒಂದು ಡಿಗ್ರಿ ತಿರುಚಿಕೊಂಡರೂ 5 ಅನ್ನು 360ರಿಂದ ಭಾಗಿಸು, 0.014 ಮಿ.ಮೀ. ಬರುತ್ತದೆ. ಸಾಗವಾನಿಯಲ್ಲಿ ಅದು ಕಣ್ಣಿಗೆ ಬೀಳಲ್ಲ. ಅದರ ಬದಲು ಸ್ಟೆಪ್ಪರ್ ನಡುಕವನ್ನು ಆ ರಬ್ಬರ್ ಸ್ವಲ್ಪ ಕುಡಿದುಬಿಡುತ್ತದೆ, ಮಷಿನ್ ಸದ್ದೇ ಬದಲಾಗುತ್ತದೆ.

ಇನ್ನೊಂದು ಮಾತು, ಇದು ನಿನಗೆ ತುಂಬಾ ಮುಖ್ಯ. ಇಂಗ್ಲಿಷ್ ದೊಡ್ಡಕ್ಷರದಲ್ಲಿ ನೆಟ್ಟನೆ ಗೆರೆ ಜಾಸ್ತಿ. ನಮ್ಮ ಅಕ್ಷರ ಎಲ್ಲಾ ದುಂಡು. ಒಂದು ‘ಕ್ಷ’ ಬರೆಯುವಷ್ಟರಲ್ಲಿ ಎಕ್ಸ್ ವೈ ಎರಡೂ ಎಷ್ಟೋ ಸಲ ದಿಕ್ಕು ಬದಲಿಸುತ್ತವೆ. ಸ್ವಲ್ಪ ಪ್ಲೇ ಇದ್ದರೂ ದುಂಡಗಿನ ಜಾಗದಲ್ಲಿ ಚಪ್ಪಟೆ ಕಲೆ ಕಾಣುತ್ತದೆ. ಅದಕ್ಕೇ ಪರೀಕ್ಷೆಗೆ ಚೌಕ ಕೊರೆಯಬೇಡ, ‘ಠ’ ಕೊರೆದು ನೋಡು.

ಪಿಂಪ್ರಿ_ಫಿಟ್ಟರ್:
ಸುಮ್ನೆ ಯಾಕೆ ರಬ್ಬರ್? ಗಟ್ಟಿ ಕಪ್ಲಿಂಗ್ ಹಾಕಿದರೆ ಪ್ಲೇಯೂ ಇಲ್ಲ, ತಿರುಚೂ ಇಲ್ಲ.

ಭೋಸರಿ_ಟರ್ನರ್:
ಬಿಕೆ12 ಒಂದು ಕಡೆ ಸ್ಕ್ರೂವನ್ನು ಬಿಗಿಯಾಗಿ ಹಿಡಿದಿದೆ, ಮೋಟರ್ ಒಳಗಿನ ಬೇರಿಂಗ್ ಇನ್ನೊಂದು ಕಡೆ ಹಿಡಿದಿದೆ. ನಡುವೆ ಬಗ್ಗುವಂಥದ್ದು ಏನೂ ಇಲ್ಲದಿದ್ದರೆ ಅಲೈನ್‌ಮೆಂಟ್‌ನ ತಪ್ಪೆಲ್ಲಾ ಹೋಗಿ ಮೋಟರ್ ಬೇರಿಂಗ್ ಮೇಲೆ ಕೂರುತ್ತದೆ. ಮನೆಯಲ್ಲಿ ಡ್ರಿಲ್ ಹೊಡೆದ ಪ್ಲೇಟ್‌ನಲ್ಲಿ ಅಷ್ಟು ಖಚಿತ ಬರಲ್ಲಪ್ಪ.

ತಮ್ಮಾ, ಸ್ಪೈಡರ್ ಹಾಕಿದರೂ ಅಲೈನ್‌ಮೆಂಟ್ ಬಿಡಬೇಡ. ಡಯಲ್ ಗೇಜನ್ನು (ಸೂಕ್ಷ್ಮ ವ್ಯತ್ಯಾಸ ಮುಳ್ಳಿನಲ್ಲಿ ತೋರಿಸುವ ಅಳತೆಗಡಿಯಾರ) ಸ್ಕ್ರೂ ಕೊನೆಗೆ ಕಟ್ಟಿ, ಅದರ ತುದಿಯನ್ನು ಮೋಟರ್ ಶಾಫ್ಟ್ ಮೇಲೆ ಇಟ್ಟು, ಸ್ಕ್ರೂವನ್ನು ಕೈಯಿಂದ ಒಂದು ಸುತ್ತು ತಿರುಗಿಸು. ಒಟ್ಟು ವ್ಯತ್ಯಾಸದ ಅರ್ಧದಷ್ಟು ಶಾಫ್ಟ್ ಪಕ್ಕಕ್ಕಿದೆ ಅಂತ ತಿಳಿ. ಕೂಲ್‌ಡ್ರಿಂಕ್ ಡಬ್ಬಿಯ ತಗಡು ಸುಮಾರು 0.1 ಮಿ.ಮೀ. ದಪ್ಪ ಇರುತ್ತದೆ, ಕತ್ತರಿಸಿ ಮೋಟರ್ ಪ್ಲೇಟ್ ಅಡಿಗೆ ಶಿಮ್ (ಎತ್ತರ ಸರಿಮಾಡುವ ತೆಳು ಪದರ) ಕೊಡು. ಎರಡು ಶಾಫ್ಟ್‌ಗಳ ತುದಿ ಒಂದಕ್ಕೊಂದು ತಾಗಬಾರದು, ಸ್ಪೈಡರನ್ನು ಅವುಗಳ ನಡುವೆ ಅದುಮಬೇಡ.

ಚಿಂಚವಾಡ_ಹುಡುಗ:
ಅಣ್ಣಾ, ಅಕ್ಕಾ, ಭಾನುವಾರ ಪೂರ್ತಿ ಕೂತು ನೋಡಿದೆ. ಎಕ್ಸ್‌ನಲ್ಲಿ ಗೆರೆ ಮುರಿದಿತ್ತು, ಅದೂ ಸ್ಕ್ರೂ ಕಡೆಯಲ್ಲೇ. ಮೋಟರ್ ಕಡೆ ಸರಿಯಾಗಿತ್ತು. ವೈ ಮೇಲೆ ಡಯಲ್ ಒಟ್ಟು 0.5 ತೋರಿಸಿತು, ಅಂದರೆ ಶಾಫ್ಟ್ 0.25 ಪಕ್ಕಕ್ಕಿತ್ತು. ಎರಡು ಪದರ ತಗಡು ಕೊಟ್ಟ ಮೇಲೆ ಒಟ್ಟು 0.1ಕ್ಕೆ ಬಂತು. ಕ್ಲ್ಯಾಂಪ್ ಮಾದರಿಯ ಸ್ಪೈಡರ್ ಕಪ್ಲಿಂಗ್ ಎರಡು ತಂದೆ, ಇವತ್ತು ರಾತ್ರಿ ಹಾಕುತ್ತೇನೆ. ಅದರ ಕ್ಲ್ಯಾಂಪ್ ಬಿಗಿಯುವ ಆಲನ್ ಬೋಲ್ಟ್‌ಗೆ ಲಾಕ್‌ಟೈಟ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಬಹುದಾ?

ಡೊಂಬಿವಲಿ_ಅಕ್ಕ:
ಲಾಕ್‌ಟೈಟ್ 243 ಒಂದು ಹನಿ, ಬೋಲ್ಟಿನ ಥ್ರೆಡ್‌ಗೆ ಮಾತ್ರ. ಶಾಫ್ಟ್ ಮತ್ತು ಬೋರ್ ಎಣ್ಣೆ ಇಲ್ಲದ ಹಾಗೆ ಒರೆಸಿ ಹಾಕು, ಎಣ್ಣೆ ಇದ್ದರೆ ಕ್ಲ್ಯಾಂಪ್ ಕೂಡ ಜಾರುತ್ತದೆ. ಮೊದಲು ಎಂಡಿಎಫ್ (ಮರದ ಪುಡಿಯಿಂದ ಒತ್ತಿ ಮಾಡಿದ ಹಲಗೆ) ತುಂಡಿನಲ್ಲಿ ‘ಠ’ ಕೊರೆದು ಫೋಟೋ ಹಾಕು, ಸಾಗವಾನಿ ಆಮೇಲೆ ಮುಟ್ಟು.